ಬೀಗ ಹಾಕಿದ ಬೆಡ್‌ರೂಮುಗಳ ಬಗ್ಗೆ: ಅಮೆರಿಕದ ಕನ್ನಡ ಕೂಟಗಳಿಗೊಂದು ಬಹಿರಂಗ ಪತ್ರ

ಮಾನ್ಯ ಅಧ್ಯಕ್ಷರೇ, ಕಾರ್ಯಕಾರಿ ಸಮಿತಿಯ ಗೆಳೆಯರೇ, ಕೂಟಕ್ಕೆ ಬಂದುಹೋಗುವ ಎಲ್ಲ ಅಪ್ಪ-ಅಮ್ಮಂದಿರೇ,

ಯುಗಾದಿಗೋ ರಾಜ್ಯೋತ್ಸವಕ್ಕೋ ಶಾಲೆಯ ಆಡಿಟೋರಿಯಂ ಬುಕ್ ಮಾಡುವಾಗ ಊಟದ ಲೆಕ್ಕ, ಮೈಕು, ಪಾರ್ಕಿಂಗ್, ವಿಮೆಯ ಕಾಗದ ಎಲ್ಲವನ್ನೂ ಪಟ್ಟಿ ಮಾಡಿಕೊಳ್ಳುತ್ತೀರಿ. ಆ ಪಟ್ಟಿಗೆ ಇನ್ನೊಂದು ಸಾಲು ಸೇರಿಸಿ ಎಂದು ಕೇಳುವುದಕ್ಕೆ ಈ ಪತ್ರ: ಪ್ರಥಮ ಚಿಕಿತ್ಸೆಯ ಡಬ್ಬಿಯಲ್ಲಿ ನಲೋಕ್ಸೋನ್ ಸ್ಪ್ರೇಯ ಒಂದು ಪೆಟ್ಟಿಗೆ, ಜೊತೆಗೆ ಅದನ್ನು ಬಳಸಬಲ್ಲ ಇಬ್ಬರು. ಹೆರಾಯಿನ್, ಫೆಂಟನಿಲ್‌ನಂಥ ಮಾದಕ ಮಿತಿಮೀರಿ (ಓವರ್‌ಡೋಸ್) ಉಸಿರು ನಿಂತವರನ್ನು ಮರಳಿ ಉಸಿರಾಡಿಸುವ, ಮೂಗಿಗೆ ಹೊಡೆಯುವ ಔಷಧ ಅದು. ವ್ಯಸನ ಚಿಕಿತ್ಸೆಯ ಕ್ಲಿನಿಕ್ಕುಗಳಲ್ಲಿ, ಆಸ್ಪತ್ರೆಗಳ ತುರ್ತು ವಿಭಾಗಗಳಲ್ಲಿ, ಫಾರ್ಮಸಿಗಳಲ್ಲಿ ಕೆಲಸ ಮಾಡುವ ಕನ್ನಡಿಗರು ನಾವು. ಕೇಳುತ್ತಿರುವುದು ಇಷ್ಟೇ ಅಲ್ಲ, ಆದರೆ ಮೊದಲು ಇದು.

"ನಮ್ಮವರಲ್ಲಿ ಅದೆಲ್ಲ ಇಲ್ಲ ಬಿಡಿ" ಎಂಬ ಮಾತು ಬರುತ್ತದೆ ಎಂದು ಗೊತ್ತು. ಅದರಲ್ಲಿ ಅರ್ಧ ಸತ್ಯವಿದೆ. ಅಮೆರಿಕದ ಸರ್ಕಾರಿ ಅಂಕಿಅಂಶಗಳಲ್ಲಿ ಏಷ್ಯನ್ ಮೂಲದವರ ಓವರ್‌ಡೋಸ್ ಸಾವಿನ ಪ್ರಮಾಣ ಬೇರೆಲ್ಲ ಗುಂಪುಗಳಿಗಿಂತ ಕಡಿಮೆ. ಅತಿ ಹೆಚ್ಚು ಸಾಯುತ್ತಿರುವವರು ಅಮೆರಿಕದ ಮೂಲನಿವಾಸಿಗಳು. ಆದರೆ ಕಡಿಮೆ ಎಂದರೆ ಇಲ್ಲವೆಂದಲ್ಲ. ಸಂಖ್ಯೆ ಕಡಿಮೆ ಇರುವ ಕಡೆ ಸಿದ್ಧತೆಯೂ ಇರುವುದಿಲ್ಲ ಎಂಬುದು ನಮ್ಮ ಚಿಂತೆ. ನಮ್ಮಲ್ಲಿ ಇಂಥ ಸಾವಾದರೆ ವಾಟ್ಸಾಪ್ ಗುಂಪಿಗೆ "ಹೃದಯಾಘಾತ" ಎಂದು ಸುದ್ದಿ ಬರುತ್ತದೆ. ದುಃಖದಲ್ಲಿರುವ ಮನೆಯವರನ್ನು ಅದಕ್ಕಾಗಿ ಯಾರೂ ದೂರಬಾರದು. ಆದರೆ ಪಕ್ಕದ ಬೀದಿಯ ಅಮ್ಮನಿಗೆ ಎಚ್ಚರಿಕೆ ತಲುಪುವ ದಾರಿಯೂ ಅಲ್ಲಿಗೆ ಮುಚ್ಚಿಹೋಗುತ್ತದೆ.

ಈ ಪಿಡುಗು ಬಡವರ ಕೇರಿಯಿಂದ ಸಿರಿವಂತರ ಬಡಾವಣೆಗೆ ಹರಿದು ಬಂತು ಎಂದು ಹಲವರು ತಿಳಿದಿದ್ದಾರೆ. ನಡೆದದ್ದು ಬೇರೆ. 1996ರಲ್ಲಿ ಪರ್ಡ್ಯೂ ಫಾರ್ಮಾ ಕಂಪನಿ ಆಕ್ಸಿಕಾಂಟಿನ್ ಎಂಬ ನೋವಿನ ಮಾತ್ರೆಯನ್ನು ಮಾರುಕಟ್ಟೆಗೆ ತಂದಿತು. ಚಟ ಹಿಡಿಯುವ ಅಪಾಯ ಕಡಿಮೆ ಎಂದು ವೈದ್ಯರಿಗೆ ಹೇಳಿ ಮಾರಿತು. ಆ ವಿಷಯದಲ್ಲಿ ದಾರಿ ತಪ್ಪಿಸಿದ್ದು ನಿಜವೆಂದು 2007ರಲ್ಲಿ ನ್ಯಾಯಾಲಯದಲ್ಲಿ ಒಪ್ಪಿಕೊಂಡಿತು. ವಿಮೆ ಇದ್ದವರು, ಕುಟುಂಬ ವೈದ್ಯರಿದ್ದವರು, ಗಣಿ-ಕಾರ್ಖಾನೆಗಳಲ್ಲಿ ಬೆನ್ನು ನೋಯಿಸಿಕೊಂಡವರು ಮೊದಲು ಸಿಕ್ಕಿಬಿದ್ದರು. ಕಪ್ಪು ಜನರ ನೋವನ್ನು ವೈದ್ಯರು ಅಷ್ಟಾಗಿ ನಂಬುತ್ತಿರಲಿಲ್ಲ, ಮಾತ್ರೆ ಬರೆದುಕೊಡುತ್ತಿರಲಿಲ್ಲ. ತಾರತಮ್ಯವೇ ಆ ಮೊದಲ ಅಲೆಯಿಂದ ಅವರನ್ನು ಒಂದಿಷ್ಟು ಕಾಯಿತು. 2010ರಲ್ಲಿ ಕಂಪನಿ ಮಾತ್ರೆಯನ್ನು ಸುಲಭವಾಗಿ ಪುಡಿಯಾಗದಂತೆ ಬದಲಿಸಿತು. ಪುಡಿಮಾಡಿ ಸೇದುತ್ತಿದ್ದವರು ಅಗ್ಗವಾಗಿ ಸಿಗುತ್ತಿದ್ದ ಹೆರಾಯಿನ್‌ಗೆ ತಿರುಗಿದರು. ಆ ವರ್ಷ ಹೆರಾಯಿನ್‌ನಿಂದ ಸತ್ತವರು ಸುಮಾರು 3 ಸಾವಿರ. 2016ರಲ್ಲಿ 15 ಸಾವಿರ ದಾಟಿತು.

ಇಲ್ಲೊಂದು ಲೆಕ್ಕವನ್ನು ತಪ್ಪಾಗಿ ಓದಿಕೊಳ್ಳಬೇಡಿ. ಆ ಕಾಲದಲ್ಲಿ ಹೊಸದಾಗಿ ಹೆರಾಯಿನ್ ಹಿಡಿದ ಐವರಲ್ಲಿ ನಾಲ್ವರು ಅದಕ್ಕೆ ಮೊದಲು ನೋವಿನ ಮಾತ್ರೆಗಳನ್ನು ದುರ್ಬಳಕೆ ಮಾಡಿದ್ದವರು. ಹಾಗೆಂದು ಮಾತ್ರೆ ತೆಗೆದುಕೊಂಡ ಎಲ್ಲರೂ ಹೆರಾಯಿನ್‌ಗೆ ಹೋಗುವುದಿಲ್ಲ. ಬಹುಪಾಲು ಜನ ಹೋಗುವುದೇ ಇಲ್ಲ. ಆಪರೇಷನ್ ಆದ ಅಜ್ಜಿಗೆ ಮೂರು ದಿನ ನೋವಿನ ಮಾತ್ರೆ ಕೊಡುವುದಕ್ಕೆ ಹೆದರಬೇಕಿಲ್ಲ. ಉಳಿದ ಹದಿನೇಳು ಮಾತ್ರೆಗಳನ್ನು ಬಾತ್‌ರೂಮಿನ ಕಪಾಟಿನಲ್ಲಿ "ಇರಲಿ, ಬೇಕಾಗುತ್ತೆ" ಎಂದು ಇಟ್ಟುಕೊಳ್ಳುವುದಕ್ಕೆ ಹೆದರಬೇಕು.

ಈಗಿನ ಅಪಾಯ ಹೆರಾಯಿನ್ ಅಲ್ಲವೇ ಅಲ್ಲ ಎಂದರೂ ನಡೆದೀತು. 2013ರಿಂದೀಚೆಗೆ ಕಳ್ಳ ಪ್ರಯೋಗಾಲಯಗಳಲ್ಲಿ ತಯಾರಾದ ಫೆಂಟನಿಲ್ ಅದರ ಜಾಗವನ್ನು ಆಕ್ರಮಿಸಿತು. ಅದು ಹೆರಾಯಿನ್‌ಗಿಂತ ಸುಮಾರು 50 ಪಟ್ಟು ಪ್ರಬಲ. ಅಭ್ಯಾಸವಿಲ್ಲದ ದೇಹಕ್ಕೆ 2 ಮಿಲಿಗ್ರಾಂ ಸಾಕು, ಪ್ರಾಣ ಹೋಗಬಹುದು. 2022ರಲ್ಲಿ ಎಲ್ಲ ಮಾದಕಗಳಿಂದ ಸತ್ತವರು ಸುಮಾರು 1 ಲಕ್ಷ 8 ಸಾವಿರ. ಅವರಲ್ಲಿ ಹೆರಾಯಿನ್‌ನ ಪಾಲು 6 ಸಾವಿರದ ಆಸುಪಾಸು. 2024ರಲ್ಲಿ ಒಟ್ಟು ಸಾವು ಸುಮಾರು 80 ಸಾವಿರಕ್ಕೆ ಇಳಿಯಿತು. ಇಳಿದದ್ದು ಒಳ್ಳೆಯದೇ. ಆದರೆ ಅದೂ ದಿನಕ್ಕೆ ಇನ್ನೂರಕ್ಕೂ ಹೆಚ್ಚು ಹೆಣ.

ನಮ್ಮ ಮಕ್ಕಳ ಮಟ್ಟಿಗೆ ಅಪಾಯ ಬರುವ ದಾರಿ ಸೂಜಿಯಲ್ಲ, ನಕಲಿ ಮಾತ್ರೆ. ಒಂದು ಕಡೆ ಎಂ, ಇನ್ನೊಂದು ಕಡೆ 30 ಎಂದು ಅಚ್ಚೊತ್ತಿದ ನೀಲಿ ಮಾತ್ರೆ ನೋಡುವುದಕ್ಕೆ ಆಕ್ಸಿಕೋಡೋನ್ ಎಂಬ ಅಸಲಿ ನೋವಿನ ಮಾತ್ರೆಯ ತರಹವೇ ಇರುತ್ತದೆ. ಪರೀಕ್ಷೆಯ ಹಿಂದಿನ ರಾತ್ರಿ ಎಚ್ಚರವಾಗಿರಲು ಆಡರಾಲ್, ನಿದ್ದೆ ಬರಲು ಝಾನಾಕ್ಸ್ ಎಂದು ಫೋನಿನಲ್ಲಿ ತರಿಸಿಕೊಂಡದ್ದೂ ಅದೇ ಜಾತಿಯದ್ದಾಗಿರಬಹುದು. ಮಾದಕ ನಿಗ್ರಹ ಸಂಸ್ಥೆ ಡಿಇಎ 2024ರಲ್ಲಿ ಪರೀಕ್ಷಿಸಿದ, ಫೆಂಟನಿಲ್ ಬೆರೆತ ನಕಲಿ ಮಾತ್ರೆಗಳಲ್ಲಿ 10ಕ್ಕೆ 5ರಲ್ಲಿ ಕೊಲ್ಲುವಷ್ಟು ಪ್ರಮಾಣವಿತ್ತು. ಹಿಂದಿನ ವರ್ಷ ಅದು 10ಕ್ಕೆ 7. ಪುಡಿಯನ್ನು ಯಾವುದೋ ಗ್ಯಾರೇಜಿನಲ್ಲಿ ಕಲಸಿ ಅಚ್ಚು ಹಾಕುವುದರಿಂದ ಒಂದೇ ಪೊಟ್ಟಣದ ಮಾತ್ರೆಗಳೂ ಒಂದೇ ತರಹ ಇರುವುದಿಲ್ಲ. ಉಪ್ಪಿಟ್ಟಿಗೆ ಹಾಕಿದ ಗೋಡಂಬಿ ಪ್ರತಿ ತುತ್ತಿಗೂ ಸಿಗುವುದಿಲ್ಲವಲ್ಲ, ಹಾಗೆ. ಅರ್ಧ ಮಾತ್ರೆ ನುಂಗಿದ ಗೆಳೆಯನಿಗೆ ಏನೂ ಆಗಲಿಲ್ಲ ಎಂಬುದು ಉಳಿದರ್ಧಕ್ಕೆ ಖಾತರಿಯಲ್ಲ.

ಇನ್ನು ಈ ಪತ್ರದ ಮುಖ್ಯ ಮಾತು. ಬಡವರ ಬೀದಿಯಲ್ಲಿ ಓವರ್‌ಡೋಸ್ ಹತ್ತು ಜನರ ಕಣ್ಣೆದುರು ಆಗುತ್ತದೆ. ಫಿಲಡೆಲ್ಫಿಯಾದ ಕೆನ್ಸಿಂಗ್ಟನ್‌ಗೆ ಹೋಗಿ ನೋಡಿ. ಬೀದಿಯಲ್ಲಿ ಮಲಗುವವರ ಜೇಬಿನಲ್ಲೂ ನಲೋಕ್ಸೋನ್ ಇರುತ್ತದೆ, ಯಾರಾದರೂ ನೀಲಿಗಟ್ಟಿದರೆ ಪಕ್ಕದವರೇ ಕೊಡುತ್ತಾರೆ. ಅಲ್ಲಿನ ಮೆಕ್‌ಫರ್ಸನ್ ಸ್ಕ್ವೇರ್ ಗ್ರಂಥಾಲಯದ ಸಿಬ್ಬಂದಿ 2017ರಲ್ಲೇ ಅದನ್ನು ಕಲಿತು ಹುಲ್ಲುಹಾಸಿನ ಮೇಲೆ ಜೀವ ಉಳಿಸಿದರು. ಆಕ್ಸಿಕಾಂಟಿನ್ ಹುಟ್ಟಿದ ಅದೇ 1996ರಲ್ಲಿ ಚಿಕಾಗೋ ರಿಕವರಿ ಅಲಯನ್ಸ್ ಎಂಬ ಸಂಸ್ಥೆ ಮಾದಕ ಬಳಸುವವರ ಕೈಗೇ ನಲೋಕ್ಸೋನ್ ಕೊಡಲು ಶುರುಮಾಡಿತು. ಚೀಟಿಯಿಲ್ಲದೆ ಅಂಗಡಿಯಲ್ಲಿ ಅದು ಸಿಗುವಂತಾದದ್ದು 2023ರಲ್ಲಿ. ನಡುವಿನ 27 ವರ್ಷ ಆ ಕೆಲಸವನ್ನು ಹೆಗಲ ಮೇಲೆ ಹೊತ್ತವರು ಬಹುತೇಕ ಬಡವರು, ವ್ಯಸನಿಗಳು, ಅವರ ಜೊತೆ ನಿಂತ ಕೆಲವರು. ನಾಲ್ಕು ಬೆಡ್‌ರೂಮಿನ ಮನೆಯಲ್ಲಿ ಆಗುವುದೇನು? ಮಗ ಮೇಲಿನ ಕೋಣೆಯಲ್ಲಿ ಬಾಗಿಲು ಹಾಕಿಕೊಂಡಿರುತ್ತಾನೆ. ಗೊರಕೆ ಕೇಳಿಸುತ್ತದೆ. ಓದಿ ದಣಿದಿದ್ದಾನೆ, ಮಲಗಲಿ ಎಂದು ಅಮ್ಮ ದೀಪ ಆರಿಸುತ್ತಾಳೆ. 2019ರ ಮಧ್ಯದಿಂದ 2021ರ ಕೊನೆಯವರೆಗೆ ಓವರ್‌ಡೋಸ್‌ನಿಂದ ಸತ್ತ 10ರಿಂದ 19 ವಯಸ್ಸಿನವರನ್ನು ರೋಗ ನಿಯಂತ್ರಣ ಕೇಂದ್ರ ಸಿಡಿಸಿ ಪರಿಶೀಲಿಸಿದಾಗ, ಮೂವರಲ್ಲಿ ಇಬ್ಬರ ಹತ್ತಿರದಲ್ಲೇ ನೆರವಾಗಬಹುದಾದ ಒಬ್ಬರಾದರೂ ಇದ್ದರು. ಹೆಚ್ಚಿನವರು ಏನೂ ಮಾಡಿರಲಿಲ್ಲ. ಈ ಒಂದು ವಿದ್ಯೆಯಲ್ಲಿ ಕೆನ್ಸಿಂಗ್ಟನ್ ನಮಗಿಂತ ಎಷ್ಟೋ ಮುಂದಿದೆ. ಅಲ್ಲಿಂದ ಕಲಿಯುವುದಕ್ಕೆ ನಮಗೆ ಸಂಕೋಚವಿರಬಾರದು.

ಹಾಗಾದರೆ ಆ ವಿದ್ಯೆ ಏನು?

ಓಪಿಯಾಯ್ಡ್ ಜಾತಿಯ ಮಾದಕಗಳೆಲ್ಲ (ಹೆರಾಯಿನ್, ಫೆಂಟನಿಲ್, ಆಕ್ಸಿಕೋಡೋನ್‌ನಂಥವು) ಮೆದುಳಿನ ಬುಡದಲ್ಲಿರುವ ಉಸಿರಾಟದ ಕೇಂದ್ರವನ್ನು ಮಂಕುಗೊಳಿಸುತ್ತವೆ. ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರಿದರೂ ದೇಹಕ್ಕೆ ಉಸಿರೆಳೆಯಬೇಕು ಎನಿಸುವುದಿಲ್ಲ. ಉಸಿರು ನಿಂತ ನಾಲ್ಕೈದು ನಿಮಿಷದಲ್ಲಿ ಮೆದುಳಿಗೆ ಪೆಟ್ಟು ಶುರು. ನೋಡಬೇಕಾದ ಗುರುತುಗಳು ಮೂರು: ಕರೆದರೂ ಅಲುಗಾಡಿಸಿದರೂ ಏಳುವುದಿಲ್ಲ, ಉಸಿರು ನಿಮಿಷಕ್ಕೆ ಎಂಟು-ಹತ್ತಕ್ಕಿಂತ ಕಡಿಮೆ, ಇಲ್ಲವೇ ಗೊರಗೊರ ಸದ್ದು, ಕಣ್ಣಿನ ಪಾಪೆ ಸೂಜಿಮೊನೆಯಷ್ಟು ಚಿಕ್ಕದು. ಪುಸ್ತಕಗಳಲ್ಲಿ "ತುಟಿ ನೀಲಿಯಾಗುತ್ತದೆ" ಎಂದಿರುತ್ತದೆ. ನಮ್ಮ ಮೈಬಣ್ಣಕ್ಕೆ ಅದು ನೀಲಿಗಿಂತ ಬೂದಿಯ ಬಣ್ಣವಾಗಿ ಕಾಣುತ್ತದೆ, ಆದ್ದರಿಂದ ವಸಡು, ಉಗುರು, ತುಟಿಯ ಒಳಭಾಗ ನೋಡಿ. ಆ ಗೊರಕೆಯ ಬಗ್ಗೆ ಇನ್ನೊಮ್ಮೆ ಹೇಳುತ್ತೇವೆ: ಎಬ್ಬಿಸಿದರೆ ಏಳದ ಗೊರಕೆ ನಿದ್ದೆಯಲ್ಲ. ಗಂಟಲಿನ ಸ್ನಾಯು ಸಡಿಲಾಗಿ ಗಾಳಿ ಕಷ್ಟಪಟ್ಟು ನುಸುಳುವ ಸದ್ದು ಅದು.

ಹೆಸರು ಹಿಡಿದು ಜೋರಾಗಿ ಕೂಗಿ. ಮುಷ್ಟಿಯ ಗೆಣ್ಣುಗಳಿಂದ ಎದೆಯ ನಡುಮೂಳೆಯನ್ನು ಗಟ್ಟಿಯಾಗಿ ಉಜ್ಜಿ. ಏಳದಿದ್ದರೆ 911ಕ್ಕೆ ಫೋನ್ ಮಾಡಿ, ಸ್ಪೀಕರ್‌ಗೆ ಹಾಕಿ ನೆಲದ ಮೇಲಿಡಿ. "ಉಸಿರಾಡುತ್ತಿಲ್ಲ, ಎಚ್ಚರವಿಲ್ಲ" ಎಂಬ ಎರಡು ಮಾತು ಮತ್ತು ವಿಳಾಸ ಸಾಕು. ಅಂಗಾತ ಮಲಗಿಸಿ, ಕತ್ತಿನ ಕೆಳಗೆ ಕೈಕೊಟ್ಟು ತಲೆಯನ್ನು ಹಿಂದಕ್ಕೆ ಬಾಗಿಸಿ. ನಾರ್ಕ್ಯಾನ್ (ನಲೋಕ್ಸೋನ್‌ನ ಒಂದು ಬ್ರ್ಯಾಂಡ್) 4 ಮಿಲಿಗ್ರಾಂ ಸ್ಪ್ರೇಯ ಹಿಂಬದಿಯ ಪಟ್ಟಿ ಹರಿದು ತೆಗೆಯಿರಿ. ಎರಡು ಬೆರಳ ನಡುವೆ ಮೂತಿ, ಬುಡಕ್ಕೆ ಹೆಬ್ಬೆರಳು. ಬೆರಳುಗಳು ಮೂಗಿಗೆ ತಾಕುವವರೆಗೆ ಒಂದು ಹೊಳ್ಳೆಯೊಳಗೆ ತೂರಿಸಿ ಹೆಬ್ಬೆರಳಿನಿಂದ ಪೂರ್ತಿ ಒತ್ತಿ. ಕೆಲಸ ಮಾಡುತ್ತದೆಯೋ ಇಲ್ಲವೋ ಎಂದು ಗಾಳಿಗೆ ಒತ್ತಿ ನೋಡಬೇಡಿ. ಒಂದು ಸ್ಪ್ರೇಯಲ್ಲಿ ಇರುವುದೇ ಒಂದು ಡೋಸು, ಪರೀಕ್ಷೆ ಮಾಡಿದರೆ ಔಷಧ ಖಾಲಿ. ಗಾಬರಿಯಲ್ಲಿ ಅತಿ ಹೆಚ್ಚಾಗಿ ಆಗುವ ತಪ್ಪು ಇದು. ಎರಡನೆಯದು, ಮೂಗಿನ ಅಂಚಿನಲ್ಲೇ ಒತ್ತಿ ಔಷಧವನ್ನು ಕೆನ್ನೆಗೆ ಚೆಲ್ಲುವುದು.

ಔಷಧ ಕೊಟ್ಟು ಸುಮ್ಮನೆ ನೋಡುತ್ತ ನಿಲ್ಲಬೇಡಿ. ಅದು ಕೆಲಸ ಮಾಡಲು ಎರಡು-ಮೂರು ನಿಮಿಷ ಬೇಕು, ಅಷ್ಟು ಹೊತ್ತು ಮೆದುಳಿಗೆ ಗಾಳಿ ಬೇಕು. ಮೂಗು ಮುಚ್ಚಿ, ಬಾಯಿಗೆ ಬಾಯಿ ಇಟ್ಟು, ಐದು ಸೆಕೆಂಡಿಗೆ ಒಂದರಂತೆ ಉಸಿರು ಊದಿ, ಪ್ರತಿ ಸಲವೂ ಎದೆ ಏರಬೇಕು. ನಾಡಿಯೂ ಇಲ್ಲವೆನಿಸಿದರೆ 911ರವರು ಎದೆ ಒತ್ತುವುದನ್ನು ಫೋನಿನಲ್ಲೇ ಹೇಳಿಕೊಡುತ್ತಾರೆ. ಮೂರು ನಿಮಿಷವಾದರೂ ಉಸಿರು ಬರದಿದ್ದರೆ ಎರಡನೆಯ ಸ್ಪ್ರೇ, ಇನ್ನೊಂದು ಹೊಳ್ಳೆಗೆ. ಉಸಿರು ಬಂದ ಮೇಲೆ ಎಡಕ್ಕೋ ಬಲಕ್ಕೋ ಮಗ್ಗುಲು ಹೊರಳಿಸಿ, ಮೇಲಿನ ಮಂಡಿ ಮಡಚಿ, ಕೈಯನ್ನು ಕೆನ್ನೆಯ ಕೆಳಗಿಡಿ. ವಾಂತಿ ಗ್ಯಾರಂಟಿ ಎಂದೇ ಇಟ್ಟುಕೊಳ್ಳಿ, ಅಂಗಾತವಿದ್ದರೆ ಅದು ಶ್ವಾಸಕೋಶಕ್ಕೆ ಇಳಿಯುತ್ತದೆ.

ಎದ್ದವನು ಕೃತಜ್ಞತೆ ಹೇಳುವುದಿಲ್ಲ. ನಡುಗುತ್ತಾನೆ, ಬೈಯುತ್ತಾನೆ, "ನನಗೇನೂ ಆಗಿಲ್ಲ, ಬಿಡಿ" ಎಂದು ಹೊರಡುತ್ತಾನೆ. ಬಿಡಬೇಡಿ. ನಲೋಕ್ಸೋನ್‌ನ ಪ್ರಭಾವ 30ರಿಂದ 90 ನಿಮಿಷ ಮಾತ್ರ. ಒಳಗಿರುವ ಮಾದಕ ಅದಕ್ಕಿಂತ ಹೆಚ್ಚು ಹೊತ್ತು ಉಳಿದರೆ ಉಸಿರು ಮತ್ತೆ ನಿಲ್ಲಬಹುದು. ಆಂಬುಲೆನ್ಸ್ ಬರುವವರೆಗೆ ಜೊತೆಗಿರಿ. 8 ಮಿಲಿಗ್ರಾಂನ ಸ್ಪ್ರೇ ಕೂಡ ಮಾರುಕಟ್ಟೆಯಲ್ಲಿದೆ. ನ್ಯೂಯಾರ್ಕ್ ರಾಜ್ಯ ಪೊಲೀಸರು ಎರಡನ್ನೂ ಬಳಸಿದಾಗ ಬದುಕಿ ಉಳಿದವರ ಪ್ರಮಾಣದಲ್ಲಿ ವ್ಯತ್ಯಾಸ ಕಾಣಲಿಲ್ಲ, ವಾಂತಿ ಮತ್ತು ವಿತ್‌ಡ್ರಾವಲ್ (ಮಾದಕದ ಪ್ರಭಾವ ಒಮ್ಮೆಲೇ ಇಳಿದಾಗಿನ) ಸಂಕಟ ಮಾತ್ರ ಹೆಚ್ಚಾಯಿತು. 4 ಸಾಕು, ದುಡ್ಡು ಉಳಿಸಿ.

ತಣ್ಣೀರು ಸುರಿಯುವುದು, ಕೆನ್ನೆಗೆ ಬಾರಿಸುವುದು, ಹಾಲು, ಮಜ್ಜಿಗೆ, ನಿಂಬೆರಸ ಕುಡಿಸುವುದು: ಇವುಗಳಲ್ಲಿ ಒಂದೂ ಬೇಡ. ಎಚ್ಚರವಿಲ್ಲದವರ ಬಾಯಿಗೆ ಏನನ್ನೂ ಹಾಕಬಾರದು. ಫೆಂಟನಿಲ್ ಮುಟ್ಟಿದರೆ ನಾವೂ ಸಾಯುತ್ತೇವೆ ಎಂದು ಟಿವಿಯಲ್ಲಿ ನೋಡಿದವರು ಹಿಂದೆ ಸರಿಯುತ್ತಾರೆ. ಚರ್ಮಕ್ಕೆ ತಗುಲಿದ ಪುಡಿಯಿಂದ ಹಾಗಾಗುವುದಿಲ್ಲ, ಕೈ ತೊಳೆದರೆ ಆಯಿತು.

ಈಚಿನ ವರ್ಷಗಳಲ್ಲಿ ಪೂರ್ವ ಕರಾವಳಿಯ ನಗರಗಳಲ್ಲಿ ಫೆಂಟನಿಲ್ ಜೊತೆಗೆ ಝೈಲಝೀನ್, ಆಮೇಲೆ ಮೆಡೆಟೊಮಿಡೀನ್ ಎಂಬ, ಪಶುವೈದ್ಯರು ಬಳಸುವ ಮಂಪರಿನ ಔಷಧಗಳು ಬೆರೆತು ಬರುತ್ತಿವೆ. ಇವು ಓಪಿಯಾಯ್ಡ್‌ಗಳಲ್ಲ, ಇವುಗಳ ಮಂಪರು ನಲೋಕ್ಸೋನ್‌ಗೆ ಇಳಿಯದು. ಆದರೂ ಕೊಡಲೇಬೇಕು, ಏಕೆಂದರೆ ಉಸಿರು ನಿಲ್ಲಿಸುವ ಫೆಂಟನಿಲ್ ಅದರೊಳಗಿದ್ದೇ ಇರುತ್ತದೆ. ಇಂಥ ಹೊತ್ತಿನಲ್ಲಿ ಕಣ್ಣು ತೆರೆಯುವುದನ್ನು ಕಾಯಬೇಡಿ, ಎದೆ ಏರಿಳಿಯುವುದನ್ನು ಎಣಿಸಿ. ಉಸಿರು ಸರಿಯಾಗಿದ್ದರೆ ಮೂರನೆಯ, ನಾಲ್ಕನೆಯ ಸ್ಪ್ರೇಗೆ ಓಡುವ ಅಗತ್ಯವಿಲ್ಲ.

ಸ್ಪ್ರೇ ಎಲ್ಲಿ ಸಿಗುತ್ತದೆ? ಫಾರ್ಮಸಿಗಳಲ್ಲಿ ಎರಡು ಡೋಸಿನ ಪೆಟ್ಟಿಗೆ ಹೊರಬಂದಾಗ 45 ಡಾಲರ್ ಇತ್ತು. ಕೌಂಟಿಯ ಆರೋಗ್ಯ ಇಲಾಖೆಗಳು ಅನೇಕ ಕಡೆ ಬಿಟ್ಟಿಯಾಗಿ ಕೊಡುತ್ತವೆ, ಲಾಭರಹಿತ ಸಂಸ್ಥೆಯೆಂದು ನೋಂದಾಯಿಸಿದ ಕೂಟ ಕೇಳಿದರೆ ತರಬೇತಿಯನ್ನೂ ಕೊಡುತ್ತವೆ. ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಇಡಬೇಡಿ. ಬೇಸಗೆಯ ಧಗೆಯೂ ಮಿನ್ನೆಸೋಟಾದ ಚಳಿಯೂ ಅದಕ್ಕೆ ಆಗದು. ಮನೆಯಲ್ಲಾದರೆ ಎಲ್ಲರಿಗೂ ಗೊತ್ತಿರುವ ಜಾಗದಲ್ಲಿ, ಬೀಗವಿಲ್ಲದ ಕಡೆ ಇರಲಿ.

ಪೊಲೀಸರು ಬರುತ್ತಾರೆ, ಕೇಸಾಗುತ್ತದೆ ಎಂಬ ಹೆದರಿಕೆಗೆ ಬಹುತೇಕ ರಾಜ್ಯಗಳಲ್ಲಿ ಗುಡ್ ಸಮಾರಿಟನ್ ಕಾನೂನು ಇದೆ. ಓವರ್‌ಡೋಸ್ ಆದವರಿಗಾಗಿ 911ಕ್ಕೆ ಕರೆ ಮಾಡಿದವರ ಮೇಲೆ ಸಣ್ಣ ಪ್ರಮಾಣದ ಮಾದಕ ಹೊಂದಿದ್ದಕ್ಕೆ ಮೊಕದ್ದಮೆ ಹಾಕದಂತೆ ಅದು ರಕ್ಷಿಸುತ್ತದೆ. ವಿವರ ರಾಜ್ಯದಿಂದ ರಾಜ್ಯಕ್ಕೆ ಬೇರೆ. ವೀಸಾದಲ್ಲಿರುವವರಿಗೆ ಮಾತ್ರ ಇನ್ನೊಂದು ಮಾತು ಸೇರಿಸಬೇಕು: ರಾಜ್ಯದ ಈ ಕಾನೂನು ಫೆಡರಲ್ ವಲಸೆ ಕಾನೂನನ್ನು ಕಟ್ಟಿಹಾಕುವುದಿಲ್ಲ. ಎಫ್-1, ಎಚ್-4, ಎಚ್-1ಬಿ, ಗ್ರೀನ್ ಕಾರ್ಡ್ ಯಾವುದೇ ಇರಲಿ, ಮಾದಕದ ಪ್ರಕರಣದಲ್ಲಿ ಶಿಕ್ಷೆಯಾದರೆ ತೊಂದರೆ ದೊಡ್ಡದು. ಕೋರ್ಟಿಗೆ ಹೋಗದೆಯೂ ಅಧಿಕಾರಿಯ ಮುಂದೆ ತಪ್ಪೊಪ್ಪಿಕೊಂಡರೆ ಮುಂದಿನ ವೀಸಾಗೆ ಅಡ್ಡ ಬರಬಹುದು. ಆದ್ದರಿಂದ ಮೊದಲು 911. ಆ ಮೇಲೆ, ಯಾವುದೇ ಹೇಳಿಕೆಗೆ ಸಹಿ ಹಾಕುವ ಮುಂಚೆ, ವಲಸೆ ಕಾನೂನು ಬಲ್ಲ ವಕೀಲರು. ಕ್ರಿಮಿನಲ್ ವಕೀಲರು ಒಳ್ಳೆಯ ಮನಸ್ಸಿನಿಂದ "ಒಪ್ಪಿಕೊಂಡುಬಿಡಿ, ಸಣ್ಣ ದಂಡದಲ್ಲಿ ಮುಗಿಯುತ್ತದೆ" ಎನ್ನುವುದುಂಟು. ಅಮೆರಿಕದ ಪ್ರಜೆಗೆ ಅದು ಒಳ್ಳೆಯ ಸಲಹೆ, ನಮ್ಮ ಹುಡುಗನಿಗೆ ಅಲ್ಲದಿರಬಹುದು. ವ್ಯಸನ ಚಿಕಿತ್ಸೆಯ ದಾಖಲೆಗಳಿಗೆ ಮಾತ್ರ ಮಾಮೂಲಿ ಆಸ್ಪತ್ರೆ ದಾಖಲೆಗಿಂತ ಬಿಗಿಯಾದ ಫೆಡರಲ್ ಗೋಪ್ಯತಾ ನಿಯಮವಿದೆ. ವೀಸಾ ಭಯದಿಂದ ಚಿಕಿತ್ಸೆ ತಪ್ಪಿಸಬೇಡಿ.

ಈಗ ಚಿಕಿತ್ಸೆಯ ವಿಷಯ. ನಮ್ಮ ಸಮುದಾಯದಲ್ಲಿ ದುಡ್ಡು ಹೆಚ್ಚು ಪೋಲಾಗುವುದೂ, ಜೀವ ಹೋಗುವುದೂ ಇಲ್ಲೇ.

ಮಗನಿಗೆ ಚಟವಿದೆ ಎಂದು ಗೊತ್ತಾದೊಡನೆ ಮೂರು ಆಲೋಚನೆ ಬರುತ್ತವೆ. ಸಮುದ್ರ ತೀರದ ಒಂದು ದುಬಾರಿ ರಿಹ್ಯಾಬ್, 28 ದಿನ. ಇಲ್ಲವೇ ಊರಿಗೆ ಕರೆದುಕೊಂಡು ಹೋಗಿ ಮೂರು ತಿಂಗಳು ಅಜ್ಜಿ ಮನೆ. ಇಲ್ಲವೇ ಒಂದು ಮದುವೆ ಮಾಡಿಬಿಟ್ಟರೆ ಜವಾಬ್ದಾರಿ ಬರುತ್ತದೆ. ಮೂರನೆಯದನ್ನು ಒಂದೇ ಸಾಲಿನಲ್ಲಿ ಮುಗಿಸುತ್ತೇವೆ: ವಿಷಯ ಮುಚ್ಚಿಟ್ಟು ಮದುವೆ ಮಾಡುವುದು ಆ ಹುಡುಗಿಗೆ ಮಾಡುವ ಮೋಸ, ಹುಡುಗನಿಗೆ ಅದು ಔಷಧವೂ ಅಲ್ಲ.

ಮೊದಲೆರಡರ ಅಪಾಯ ಒಂದೇ. ದಿನವೂ ಓಪಿಯಾಯ್ಡ್ ಬಳಸುವ ದೇಹ ಅದಕ್ಕೆ ಒಗ್ಗಿಕೊಂಡಿರುತ್ತದೆ. ಕೆಲವೇ ವಾರ ನಿಲ್ಲಿಸಿದರೆ ಆ ಒಗ್ಗುವಿಕೆ ಇಳಿದುಹೋಗುತ್ತದೆ, ಹಂಬಲ ಇಳಿಯುವುದಿಲ್ಲ. ಹೊರಬಂದವನು ಹಳೆಯ ಪ್ರಮಾಣವನ್ನೇ ತೆಗೆದುಕೊಂಡರೆ ಅದೇ ಕೊನೆಯದು. ವಾಷಿಂಗ್ಟನ್ ರಾಜ್ಯದ ಜೈಲುಗಳಿಂದ ಬಿಡುಗಡೆಯಾದವರ ಬಗ್ಗೆ 2007ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮೊದಲ ಎರಡು ವಾರಗಳಲ್ಲಿ ಓವರ್‌ಡೋಸ್ ಸಾವಿನ ಅಪಾಯ ಇತರರಿಗಿಂತ 129 ಪಟ್ಟು ಇತ್ತು. ಬಡವನಿಗೆ ಜೈಲು ಮಾಡುವುದನ್ನು ಸಿರಿವಂತನಿಗೆ ಔಷಧವಿಲ್ಲದ ರಿಹ್ಯಾಬ್ ಮಾಡುತ್ತದೆ. ದೇಹಕ್ಕೆ ಎರಡರ ವ್ಯತ್ಯಾಸ ತಿಳಿಯುವುದಿಲ್ಲ.

ಸಾವನ್ನು ಸರಿಸುಮಾರು ಅರ್ಧಕ್ಕೆ ಇಳಿಸುವ ಔಷಧಗಳು ಎರಡಿವೆ: ಮೆಥಡೋನ್ ಮತ್ತು ಬ್ಯುಪ್ರೆನಾರ್ಫಿನ್. "ಒಂದು ಚಟ ಬಿಡಿಸಿ ಇನ್ನೊಂದು ಹಿಡಿಸುವುದಲ್ಲವೇ" ಎಂದು ವೈದ್ಯರಾದ ಕನ್ನಡಿಗರೇ ಕೇಳುತ್ತಾರೆ. ಅಲ್ಲ. ಬ್ಯುಪ್ರೆನಾರ್ಫಿನ್ ಮೆದುಳಿನ ಅದೇ ಗ್ರಾಹಕಗಳಿಗೆ ಗಟ್ಟಿಯಾಗಿ ಅಂಟಿಕೊಂಡು ಅರ್ಧ ಮಾತ್ರ ಕೆಲಸ ಮಾಡುತ್ತದೆ. ಹಂಬಲ ತಗ್ಗುತ್ತದೆ, ಉಸಿರಾಟದ ಮೇಲಿನ ಒತ್ತಡ ಒಂದು ಮಿತಿಗೆ ಬಂದು ನಿಲ್ಲುತ್ತದೆ, ಮೇಲೆ ಬೇರೆ ಮಾದಕ ಬಿದ್ದರೂ ಅದಕ್ಕೆ ಜಾಗ ಸಿಗುವುದು ಕಷ್ಟ. ಅವನು ಕೆಲಸಕ್ಕೆ ಹೋಗುತ್ತಾನೆ, ಕಾರು ಓಡಿಸುತ್ತಾನೆ, ಸಂಜೆ ಮನೆಗೆ ಬರುತ್ತಾನೆ. ಶುರುಮಾಡುವಾಗ ಒಂದು ಎಚ್ಚರ ಬೇಕು: ಮೈಯಲ್ಲಿ ಮಾದಕ ಇನ್ನೂ ತುಂಬಿರುವಾಗಲೇ ಕೊಟ್ಟರೆ ಅದನ್ನು ಒಮ್ಮೆಲೇ ತಳ್ಳಿಹಾಕಿ ಭಯಂಕರ ವಿತ್‌ಡ್ರಾವಲ್ ತರುತ್ತದೆ. ಹೆರಾಯಿನ್ ಆದರೆ 12 ಗಂಟೆ ಕಾದು, ಆಕಳಿಕೆ, ಬೆವರು, ಹೊಟ್ಟೆ ನುಲಿತ, ರೋಮಾಂಚ ಕಾಣಿಸಿಕೊಂಡ ಮೇಲೆ ನಾಲಿಗೆಯಡಿ 2ರಿಂದ 4 ಮಿಲಿಗ್ರಾಂ. ಫೆಂಟನಿಲ್ ಕೊಬ್ಬಿನಲ್ಲಿ ಕೂತು ನಿಧಾನ ಇಳಿಯುವುದರಿಂದ ಒಂದು ದಿನ, ಕೆಲವೊಮ್ಮೆ ಇನ್ನೂ ಹೆಚ್ಚು ಕಾಯಬೇಕಾಗುತ್ತದೆ. ಆಮೇಲೆ ಹೆಚ್ಚಿನವರು ದಿನಕ್ಕೆ 16ರಿಂದ 24 ಮಿಲಿಗ್ರಾಂನಲ್ಲಿ ನೆಲೆ ನಿಲ್ಲುತ್ತಾರೆ. 4, 6 ಮಿಲಿಗ್ರಾಂ ಕೊಟ್ಟು "ಔಷಧ ನಾಟಲಿಲ್ಲ" ಎನ್ನುವ ವೈದ್ಯರೂ ಇದ್ದಾರೆ, ಕೇಳಿ ಏರಿಸಿಕೊಳ್ಳಿ. ಎಷ್ಟು ಕಾಲ ಎಂದರೆ, ಬೇಕಾದಷ್ಟು ಕಾಲ. ವರ್ಷಗಳೇ ಆಗಬಹುದು. ಸಕ್ಕರೆ ಕಾಯಿಲೆಯ ಔಷಧಕ್ಕೆ ನಾವು ಅವಧಿ ಕೇಳುತ್ತೇವೆಯೇ?

2022ರ ಕೊನೆಯಲ್ಲಿ ಕಾನೂನು ಬದಲಾಗಿ, ನಿಯಂತ್ರಿತ ಔಷಧ ಬರೆಯುವ ಪರವಾನಗಿ ಇರುವ ಯಾವ ವೈದ್ಯರೂ ಬ್ಯುಪ್ರೆನಾರ್ಫಿನ್ ಬರೆಯಬಹುದು. ಅದಕ್ಕೆ ಮೊದಲು ವಿಶೇಷ ಅನುಮತಿ ಬೇಕಿತ್ತು. ಈ ದೇಶದಲ್ಲಿರುವ ನೂರಾರು ಕನ್ನಡಿಗ ವೈದ್ಯರಿಗೆ ನಮ್ಮ ನೇರ ವಿನಂತಿ: ನೀವೂ ಬರೆಯಿರಿ. ಬಡವ-ಬಲ್ಲಿದರ ಅಂತರ ಕಣ್ಣಿಗೆ ರಾಚುವುದು ಇಲ್ಲಿ. ಮೆಥಡೋನ್ ಕ್ಲಿನಿಕ್ಕುಗಳು ಕಪ್ಪು ಮತ್ತು ಲ್ಯಾಟಿನೋ ಜನರ ಬಡಾವಣೆಗಳಲ್ಲಿ ಕೂಡಿಕೊಂಡಿವೆ, ಹಲವರು ಬೆಳಗಿನ ಜಾವ ಸಾಲು ನಿಂತು, ನರ್ಸಿನ ಎದುರೇ ಕುಡಿದು ಬರಬೇಕು. ಬ್ಯುಪ್ರೆನಾರ್ಫಿನ್ ಬಿಳಿಯರ, ವಿಮೆಯಿದ್ದವರ ಊರುಗಳಲ್ಲಿ ತಿಂಗಳ ಚೀಟಿಯಾಗಿ ಸದ್ದಿಲ್ಲದೆ ಸಿಗುತ್ತದೆ. 2020ರಿಂದ ಕಪ್ಪು ಜನರ ಸಾವಿನ ಪ್ರಮಾಣ ಬಿಳಿಯರದ್ದನ್ನು ದಾಟಿದ್ದಕ್ಕೆ ಇದೂ ಒಂದು ಕಾರಣವೆಂದು ನಾವು ನಂಬುತ್ತೇವೆ.

ರಿಹ್ಯಾಬ್‌ಗೆ ಸೇರಿಸಲೇಬೇಕೆಂದರೆ ಫೋನಿನಲ್ಲೇ ಕೇಳಿ: ಬ್ಯುಪ್ರೆನಾರ್ಫಿನ್ ಅಲ್ಲೇ ಶುರುಮಾಡುತ್ತೀರಾ, ಬಿಡುಗಡೆಯ ದಿನ ಮುಂದಿನ ವೈದ್ಯರ ಭೇಟಿ ನಿಗದಿಯಾಗಿರುತ್ತದೆಯೇ, ಕೈಗೆ ನಲೋಕ್ಸೋನ್ ಕೊಟ್ಟು ಕಳಿಸುತ್ತೀರಾ? ಒಂದಕ್ಕೆ "ಇಲ್ಲ" ಬಂದರೂ ಬೇರೆ ಕಡೆ ನೋಡಿ. ವಿಮಾನದ ಟಿಕೆಟ್ ನಾವೇ ಕೊಡುತ್ತೇವೆ ಎನ್ನುವ ಜಾಗ ನಿಮ್ಮ ವಿಮೆಯನ್ನು ನೋಡಿ ಬಾಯಿ ನೀರೂರಿಸಿಕೊಂಡ ಜಾಗ.

ಊರಿಗೇ ಕಳಿಸುವುದಾದರೆ ಔಷಧ ಮುರಿಯದಂತೆ ಕಳಿಸಿ. ಬೆಂಗಳೂರಿನ ನಿಮ್ಹಾನ್ಸ್‌ನ ವ್ಯಸನ ಚಿಕಿತ್ಸಾ ಕೇಂದ್ರದಂಥ ಕಡೆ ಬ್ಯುಪ್ರೆನಾರ್ಫಿನ್ ಚಿಕಿತ್ಸೆ ಇದೆ. ಭಾರತದಲ್ಲಿ ಸಾಮಾನ್ಯವಾಗಿ ಸಿಗುವ ಮಾತ್ರೆ 2 ಮಿಲಿಗ್ರಾಂನದು, ಇಲ್ಲಿಯದು 8ರದ್ದು. ಇಲ್ಲಿ ದಿನಕ್ಕೆ ಎರಡು ತೆಗೆದುಕೊಳ್ಳುತ್ತಿದ್ದವನಿಗೆ ಅಲ್ಲಿ ಎಂಟು ಬೇಕು. ಈ ಲೆಕ್ಕ ತಪ್ಪಿ "ದಿನಕ್ಕೆ ಎರಡು" ಎಂದು ಹೇಳಿಬಿಟ್ಟರೆ ವಾರದಲ್ಲಿ ಮತ್ತೆ ಹಳೆಯ ಕಥೆ. ವೈದ್ಯರ ಪತ್ರದಲ್ಲಿ ಮಾತ್ರೆಗಳ ಸಂಖ್ಯೆ ಬೇಡ, ಮಿಲಿಗ್ರಾಂ ಬರೆಸಿ. 2017ರ ಮಾನಸಿಕ ಆರೋಗ್ಯ ಕಾಯ್ದೆಯಡಿ ನೋಂದಣಿಯಾಗದ ವ್ಯಸನಮುಕ್ತಿ ಕೇಂದ್ರಗಳಿಗೆ, ಎಷ್ಟೇ ಪರಿಚಯದವರು ಹೇಳಿದರೂ, ಕಳಿಸಬೇಡಿ. ಹಿಂತಿರುಗುವ ದಿನ ಮನೆಯಲ್ಲಿ ನಲೋಕ್ಸೋನ್ ಸಿದ್ಧವಿರಲಿ.

ಮನೆಯಲ್ಲೇ ಮೂತ್ರ ಪರೀಕ್ಷೆಯ ಕಿಟ್ ತಂದು ಮಕ್ಕಳನ್ನು ಕಾಯುವ ತಂದೆ-ತಾಯಿಗೆ ಒಂದು ಮಾತು. ಕಿಟ್‌ನಲ್ಲಿ ಓಪಿಐ ಎಂದು ಬರೆದ ಪಟ್ಟಿ ಹೆರಾಯಿನ್ ಮತ್ತು ಮಾರ್ಫಿನ್ ಹಿಡಿಯುತ್ತದೆ, ಫೆಂಟನಿಲ್ ಹಿಡಿಯುವುದಿಲ್ಲ. ಅದಕ್ಕೆ ಬೇರೆಯೇ ಪಟ್ಟಿ ಬೇಕು. ಇತ್ತ 300 ನ್ಯಾನೋಗ್ರಾಂ ಮಿತಿಯ ಓಪಿಐ ಪಟ್ಟಿ ಹಬ್ಬದ ದಿನದ ಗಸಗಸೆ ಪಾಯಸಕ್ಕೂ ಪಾಸಿಟಿವ್ ತೋರಿಸಬಲ್ಲದು. ಅಂದರೆ ಫೆಂಟನಿಲ್ ತೆಗೆದುಕೊಂಡವನು ಪಾಸಾಗಿ, ಎರಡು ಲೋಟ ಪಾಯಸ ಕುಡಿದವಳು ಸಿಕ್ಕಿಬೀಳುತ್ತಾಳೆ. ಕಿಟ್ ನಂಬಿ ಮಗಳ ಮೇಲೆ ಕೂಗಾಡುವ ಮುಂಚೆ ಅಡುಗೆಮನೆ ನೋಡಿ.

ಬುದ್ಧಿಶಕ್ತಿ, ಓದು, ಆಸ್ತಿ ಇವು ಯಾವುವೂ ತಡೆಗೋಡೆಯಲ್ಲ. ನಲೋಕ್ಸೋನ್ ಕಂಡುಹಿಡಿದವರಲ್ಲಿ ಒಬ್ಬರಾದ ಜಾಕ್ ಫಿಶ್‌ಮನ್ ಅವರ ಮಲಮಗನೇ 2003ರಲ್ಲಿ ಹೆರಾಯಿನ್ ಓವರ್‌ಡೋಸ್‌ನಿಂದ ತೀರಿಕೊಂಡ. ಔಷಧ ಜಗತ್ತಿನಲ್ಲಿತ್ತು, ಕೈಗೆಟುಕುವಲ್ಲಿ ಇರಲಿಲ್ಲ.

ಕೂಟಗಳಿಂದ ನಮಗೆ ಬೇಕಾದದ್ದು ಹೀಗೆ. ಈ ವರ್ಷದ ರಾಜ್ಯೋತ್ಸವಕ್ಕೆ ಮುಂಚೆ ಸಮಿತಿಯ ಸಭೆಯಲ್ಲಿ ನಲೋಕ್ಸೋನ್ ಇಡುವ ನಿರ್ಣಯ ಮಾಡಿ, ಇಬ್ಬರಿಗೆ ತರಬೇತಿ ಕೊಡಿಸಿ. ಕನ್ನಡ ಕಲಿ ಶಾಲೆಯ ಶಿಕ್ಷಕರನ್ನು ಅದರಲ್ಲಿ ಸೇರಿಸಿ, ವಾರವಾರ ಮಕ್ಕಳನ್ನು ನೋಡುವವರು ಅವರೇ. ಅಮೆರಿಕದ ಕನ್ನಡ ಕೂಟಗಳ ಒಕ್ಕೂಟಗಳಾದ ಅಕ್ಕ ಮತ್ತು ನಾವಿಕದ ಸಮ್ಮೇಳನಗಳ ವೈದ್ಯಕೀಯ ಗೋಷ್ಠಿಗಳಲ್ಲಿ ಹೃದಯ, ಸಕ್ಕರೆ, ಮಂಡಿನೋವಿನ ಜೊತೆ ಇದಕ್ಕೂ ಒಂದು ಗಂಟೆ ಕೊಡಿ, ಊಟದ ನಂತರದ ತೂಕಡಿಕೆಯ ಹೊತ್ತು ಬೇಡ. ಏಪ್ರಿಲ್ ಮತ್ತು ಅಕ್ಟೋಬರ್‌ನಲ್ಲಿ ಡಿಇಎ ನಡೆಸುವ ಔಷಧ ಹಿಂದಿರುಗಿಸುವ ದಿನವನ್ನು ಕೂಟದ ಕ್ಯಾಲೆಂಡರಿಗೆ ಹಾಕಿ, ಮನೆಮನೆಯ ಹಳೆಯ ಆಕ್ಸಿಕೋಡೋನ್, ಹೈಡ್ರೋಕೋಡೋನ್, ಊರಿಂದ ತಂದ ಟ್ರಮಡಾಲ್ ಹೊರಹೋಗಲಿ. ಬುದ್ಧಿಹಲ್ಲು ಕೀಳಿಸಿಕೊಂಡ ಮಗನಿಗೆ ಓಪಿಯಾಯ್ಡ್ ಬರೆದರೆ ಐಬುಪ್ರೊಫೆನ್ ಮತ್ತು ಅಸಿಟಮಿನೋಫೆನ್ ಜೊತೆಗೂಡಿಸಿ ಕೊಡಬಹುದೇ ಎಂದು ದಂತವೈದ್ಯರನ್ನು ಕೇಳಿ. ಹೆಚ್ಚಿನವರಿಗೆ ಅಷ್ಟೇ ಸಾಕಾಗುತ್ತದೆ. ಕೂಟದ ವೆಬ್‌ಸೈಟಿನಲ್ಲಿ ಎರಡು ಸಂಖ್ಯೆ ಹಾಕಿ: ಮಾನಸಿಕ ತುರ್ತಿಗೆ 988, ಚಿಕಿತ್ಸೆ ಹುಡುಕಲು ಫೆಡರಲ್ ಸಹಾಯವಾಣಿ 1-800-662-4357. ಎರಡೂ ಹಗಲು-ರಾತ್ರಿ ತೆರೆದಿರುತ್ತವೆ, ಹಣ ಕೇಳುವುದಿಲ್ಲ.

18 ದಾಟಿದ ಮಕ್ಕಳು ಚಿಕಿತ್ಸೆಗೆ ಹಿಂಜರಿಯುವುದು ಹಲವು ಸಲ ನಮ್ಮ ವಿಮೆಯಿಂದಲೇ. 26ರವರೆಗೆ ಅವರು ನಮ್ಮ ಪಾಲಿಸಿಯಲ್ಲಿರುತ್ತಾರೆ, ಖರ್ಚಿನ ವಿವರದ ಪತ್ರ ಪಾಲಿಸಿದಾರರಾದ ಅಪ್ಪನ ವಿಳಾಸಕ್ಕೆ ಬರುತ್ತದೆ. ಆ ಪತ್ರವನ್ನು ತಮ್ಮ ವಿಳಾಸಕ್ಕೆ ಕಳಿಸಿ ಎಂದು ಅವರು ವಿಮಾ ಕಂಪನಿಗೆ ಬರೆದು ಕೇಳಬಹುದು. ಇದನ್ನು ಮಕ್ಕಳಿಗೆ ನೀವೇ ಹೇಳಿ. ನಿಮಗೆ ಗೊತ್ತಾಗದೆಯೇ ಅವರು ಗುಣವಾದರೂ ನಷ್ಟವೇನಿಲ್ಲ.

ತರಬೇತಿಗೆ ಬೇಕಾದದ್ದು ಒಂದು ಶನಿವಾರ, 45 ನಿಮಿಷ, ಹತ್ತು ಕುರ್ಚಿ, ಅಭ್ಯಾಸಕ್ಕೆ ಔಷಧವಿಲ್ಲದ ಖಾಲಿ ಸ್ಪ್ರೇ. ದಿನಾಂಕ ಗೊತ್ತುಮಾಡಿ ತಿಳಿಸಿ, ನಾವು ಬರುತ್ತೇವೆ.

ಇಂತಿ ನಿಮ್ಮವರೇ ಆದ,
ವ್ಯಸನ ಚಿಕಿತ್ಸೆ, ತುರ್ತು ವೈದ್ಯಕೀಯ ಮತ್ತು ಔಷಧ ವಿತರಣೆಯಲ್ಲಿ ದುಡಿಯುವ ಅಮೆರಿಕದ ಕೆಲವು ಕನ್ನಡಿಗರು